ಪರಮೇಶ್ವರಪ್ಪನವರ ತೋಟಕ್ಕೆ ಬಿದ್ದ ಮಳೆ

ನಮ್ಮ ಆಲ್ದೂರಿನ ಕಡೆ ಮಳೆ ಬಂದ ಮರುದಿನ ಬೆಳಿಗ್ಗೆ ಯಾರೂ ಯಾರ ಆರೋಗ್ಯವನ್ನೂ ವಿಚಾರಿಸುವುದಿಲ್ಲ. "ನಿಮ್ಮಲ್ಲಿ ಎಷ್ಟು?" ಎಂದು ಕೇಳುತ್ತಾರೆ. ಮನೆಯಲ್ಲಿ ಹೆರಿಗೆಯಾಗಿರಲಿ, ಸಾವಾಗಿರಲಿ, ಮೊದಲ ಪ್ರಶ್ನೆ ಅದೇ. ಉತ್ತರವನ್ನು ಇಂಚು ಮತ್ತು ಸೆಂಟಿನಲ್ಲಿ ಕೊಡಬೇಕು, ನೂರು ಸೆಂಟಿಗೆ ಒಂದು ಇಂಚು. ಅದಕ್ಕೆಂದೇ ಪ್ರತಿ ಕಾಫಿ ಬೆಳೆಗಾರನ ಅಂಗಳದಲ್ಲೂ ಒಂದು ಮಳೆಮಾಪಕ ಇರುತ್ತದೆ. ಅದರಲ್ಲೂ ಮಾರ್ಚ್ ತಿಂಗಳಿನ ಹೂಮಳೆ ಎಂದರೆ ವರ್ಷದ ಬೆಳೆಯ ಹಣೆಬರಹ. ಒಂದು ಇಂಚು ಬಿದ್ದರೆ ಎಂಟೊಂಬತ್ತು ದಿನದಲ್ಲಿ ತೋಟಕ್ಕೆ ತೋಟವೇ ಒಂದು ಬೆಳಿಗ್ಗೆ ಬೆಳ್ಳಗೆ ಅರಳಿ ನಿಲ್ಲುತ್ತದೆ. ಬೀಳದಿದ್ದರೆ ಕೆರೆಯ ನೀರನ್ನು ಪಂಪಿನಲ್ಲಿ ಎತ್ತಿ ಸ್ಪ್ರಿಂಕ್ಲರ್ ಹಾಕಬೇಕು. ಮಳೆ ಸುರಿಸುವುದು ದೇವರ ಕೆಲಸವೇ ಆದರೂ, ಹೆಚ್ಚು ಬಿದ್ದವನು ಅದನ್ನು ಸ್ವಂತ ಸಾಧನೆಯ ಹಾಗೆ ಹೇಳಿಕೊಳ್ಳುತ್ತಾನೆ. ಬೀಳದವನು ಮಗ ಎಸ್ಸೆಸ್ಸೆಲ್ಸಿ ಫೇಲಾದವನ ಹಾಗೆ ತಲೆ ತಗ್ಗಿಸಿಕೊಂಡು ಪೇಟೆಗೆ ಬರುತ್ತಾನೆ.

ಪರಮೇಶ್ವರಪ್ಪನವರು ತಲೆ ತಗ್ಗಿಸುವ ಪೈಕಿ ಅಲ್ಲ. ಹತ್ತು ಜನರ ತಲೆ ಯಾವ ಕಡೆ ತಿರುಗಿದೆ ಎಂದು ನೋಡಿ ಆ ಕಡೆಗೇ ತಿರುಗಿಸುವ ಪೈಕಿ. ಎಲ್ಲರೂ ಬೆಣ್ಣೆಹಣ್ಣಿನ ಗಿಡ ನೆಟ್ಟರೆಂದು ಅವರೂ ನೆಟ್ಟರು. ಎಲ್ಲರೂ ಸಕ್ಕರೆ ಕಾಯಿಲೆಗೆ ವಾಕಿಂಗ್ ಹೊರಟರೆಂದು, ಕಾಯಿಲೆ ಇಲ್ಲದೆಯೂ ಅವರು ಹೊರಟರು. ಒಮ್ಮೆ ಮದುವೆಯೊಂದರಲ್ಲಿ ಪಕ್ಕದ ಎಲೆಯವನು ಫೋನ್ ಬಂತೆಂದು ಎದ್ದಾಗ, ಪಂಕ್ತಿ ಎದ್ದಿತೆಂದೇ ತಿಳಿದು ಹೋಳಿಗೆ ಬರುವ ಮೊದಲೇ ಕೈ ತೊಳೆದುಕೊಂಡು ಬಂದವರು. ಇಂಥ ಮನುಷ್ಯನಿಂದ ಊರಿಗೆ ಕೆಡುಕಾಗುತ್ತದೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಕೊನೆಗೆ ಆದದ್ದೂ ಅದೇ, ಯಾರೂ ನಂಬಲಿಲ್ಲ.

ಆ ಭಾನುವಾರ ಮಧ್ಯಾಹ್ನ ಗುಡುಗು ಶುರುವಾದಾಗ ಮನೆಯಲ್ಲಿ ಅವರೊಬ್ಬರೇ ಇದ್ದರು. ಹೆಂಡತಿ ವಸಂತಮ್ಮ ತವರಿಗೆ ಹೋಗಿದ್ದರು. ಕೆಲಸದವರಿಗೆ ರಜೆ. ಮಳೆ ಪಕ್ಕದ ರುದ್ರಪ್ಪನವರ ತೋಟದ ಮೇಲೆ ಧೋ ಎಂದು ಸುರಿಯಿತು, ಎರಡು ತೋಟಗಳ ನಡುವಿನ ಮಣ್ಣು ರಸ್ತೆಯವರೆಗೆ ಬಂತು, ಅಲ್ಲಿ ಯಾರೋ ತಡೆದು ನಿಲ್ಲಿಸಿದ ಹಾಗೆ ನಿಂತು ಆಲ್ದೂರಿನ ಕಡೆ ಹೊರಟುಹೋಯಿತು. ಪರಮೇಶ್ವರಪ್ಪನವರು ಕೊಡೆ ಬಿಚ್ಚಿಕೊಂಡು ತಮ್ಮ ಅಂಗಳದಲ್ಲಿ ನಿಂತೇ ಇದ್ದರು. ಕೊಡೆಯ ಮೇಲೆ ನಾಲ್ಕು ಹನಿ ಬಿದ್ದವು. ಮಳೆಮಾಪಕದ ತಳ ಒದ್ದೆಯಾಗಲಿಲ್ಲ.

ಸಂಜೆ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಅಂಕಿಗಳು ಬರತೊಡಗಿದವು. ರುದ್ರಪ್ಪನವರದು ಒಂದು ಇಂಚು ಹದಿನೈದು ಸೆಂಟ್. ಇನ್ನೊಬ್ಬರದು ಒಂದು ಇಪ್ಪತ್ತು. "ಪರಮೇಶ್ವರಪ್ಪನವ್ರೇ, ನಿಮ್ಮಲ್ಲಿ ಎಷ್ಟು?" ಎಂದು ಯಾರೋ ಕೇಳಿಯೂಬಿಟ್ಟರು. ಅವರು ಸೊನ್ನೆ ಎಂದು ಒತ್ತಿದರು. ಅಷ್ಟು ಜನರ ಮಧ್ಯೆ ಅದೊಂದು ಸೊನ್ನೆ ಬೋಳುತಲೆಯ ಹಾಗೆ ಕಂಡು ನಾಚಿಕೆಯಾಗಿ ಅಳಿಸಿದರು. ಒಂದು ಇಪ್ಪತ್ತು ಎಂದು ಬರೆದರೆ ಕಾಪಿ ಹೊಡೆದಂತೆ ಕಾಣುತ್ತದೆ. ಆದ್ದರಿಂದ ಪ್ರಾಮಾಣಿಕವಾಗಿ ಕಾಣಲೆಂದು ಒಂದು ಮೂವತ್ತು ಎಂದು ಬರೆದರು. ಚಪ್ಪಾಳೆಗಳೂ ಹೆಬ್ಬೆರಳುಗಳೂ ಧಾರಾಕಾರವಾಗಿ ಸುರಿದವು. ಜೀವಮಾನದಲ್ಲೇ ಮೊದಲ ಸಲ ಅವರಿಗೆ ಫಸ್ಟ್ ಪ್ರೈಜ್ ಬಂದಿತ್ತು. ನಾಳೆ ಹೇಗೂ ನಮ್ಮಲ್ಲೂ ಬೀಳುತ್ತದೆ, ಆಗ ಲೆಕ್ಕ ಸರಿಹೋಗುತ್ತದೆ ಎಂದುಕೊಂಡು ನೆಮ್ಮದಿಯಾಗಿ ಊಟ ಮಾಡಿದರು.

ನಾಳೆ ಬೀಳಲಿಲ್ಲ. ನಾಡಿದ್ದು ವಸಂತಮ್ಮ ಬಂದರು, ಜೊತೆಯಲ್ಲಿ ಅಣ್ಣನ ಮಗಳು ನಿಖಿತಾಳನ್ನೂ ಕರೆತಂದರು. ನಿಖಿತಾ ಹತ್ತಿರದ ಶಾಲೆಯೊಂದರಲ್ಲಿ ಟೀಚರ್. ಮಕ್ಕಳಿಗಾಗಿ ತಾನೇ ಬರೆದು, ತಾನೇ ಬಣ್ಣ ಹಚ್ಚಿ ಒಂದು ಚಿತ್ರಪುಸ್ತಕ ಮಾಡಿದ್ದಳು. ಎಲ್ಲರ ಜೊತೆ ಅರಳದ ಒಂದು ಪುಟ್ಟ ಕಾಫಿ ಗಿಡದ ಕಥೆ ಅದು.

"ಮಾವ, ಹೂವು ಅರಳಿದ ದಿನ ಮಕ್ಕಳನ್ನ ತೋಟದಲ್ಲೇ ಕೂರಿಸಿ ಓದ್ಬೇಕು ಅಂತ ಆಸೆ. ರುದ್ರಪ್ಪನವರನ್ನ ಕೇಳೋಣ ಅಂತಿದ್ದೆ. ಅತ್ತೆ ಹೇಳಿದ್ರು, ಈ ಸಲ ನಮ್ಮಲ್ಲೇ ಜಾಸ್ತಿ ಮಳೆ ಅಂತ."

"ಮತ್ತೆ? ಒಂದು ಮೂವತ್ತು ಬಿದ್ದ ತೋಟ ಬಿಟ್ಟು ಒಂದು ಹದಿನೈದರ ತೋಟಕ್ಕೆ ಯಾಕೆ ಹೋಗ್ಬೇಕು?" ಎಂದರು ವಸಂತಮ್ಮ. "ನಮ್ಮ ಕಡೆ ನೆಂಟರೆಲ್ಲ ಫೋನ್ ಮಾಡಿ ಮಾಡಿ ಕೇಳಿದ್ರು. ಓದೋದೂ ನೀವೇ ಕಣ್ರೀ. ಯಜಮಾನ್ರು ನೀವಲ್ವಾ?"

ಪರಮೇಶ್ವರಪ್ಪನವರು ಎರಡೂ ಕಡೆ ನೋಡಿದರು. ಇಬ್ಬರೂ ತಲೆ ಆಡಿಸುತ್ತಿದ್ದರು. ಅವರೂ ಆಡಿಸಿದರು.

ಅಷ್ಟರಲ್ಲಿ ಬಂದ ರುದ್ರಪ್ಪನವರು ಪುಸ್ತಕವನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಪುಟವನ್ನು ಲೀಗಲ್ ನೋಟೀಸಿನ ಹಾಗೆ ಓದಿದರು. "ಇದೆಂತದು ಮಾರಾಯ್ತಿ? ಎಲ್ಲ ಗಿಡ ಅರಳಿ ಒಂದೇ ಗಿಡ ಹಿಂದೆ ಬಿದ್ರೆ ಅದನ್ನ ಕಿತ್ತು ಹಾಕ್ಬೇಕು. ಅದರ ಮೇಲೆ ಪುಸ್ತಕ ಬರೀಬಾರ್ದು."

"ಅದು ಮಕ್ಕಳಿಗೆ ಅಂಕಲ್. ನಾಲ್ಕು ಜನ ಮಾಡಿದ್ರು ಅಂತ ಮಾಡ್ಬೇಡಿ, ನೀವು ನೀವಾಗಿರಿ ಅಂತ ಹೇಳೋದು."

"ಹೌದೌದು," ಎಂದು ಪರಮೇಶ್ವರಪ್ಪನವರು ಇಬ್ಬರಿಗೂ ಹೇಳಿದರು.

ಉಳಿದದ್ದು ಒಂದೇ ದಾರಿ: ಕೆರೆಯ ಪಂಪು. ಮರುದಿನ ಬೆಳಿಗ್ಗೆ ವಸಂತಮ್ಮ ಸ್ನಾನಕ್ಕೆ ಹೋದದ್ದೇ ತಡ, ಇವರು ಹೋಗಿ ಪಂಪ್ ಚಾಲೂ ಮಾಡಿದರು. ಆ ಪಂಪು ಸದ್ದು ಮಾಡಿದರೆ ಬಾಬಾಬುಡನ್‌ಗಿರಿಗೆ ಕೇಳಬೇಕು. ರುದ್ರಪ್ಪನವರು ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಓಡಿಬಂದರು.

"ಎಂತ ಮಾಡ್ತಿದ್ದೀರಿ ಮಾರಾಯ್ರೇ! ಒಂದು ಮೂವತ್ತರ ಮೇಲೆ ನೀರಾ? ಬೇರು ಕೊಳೀತದೆ!"

"ಇಲ್ಲ, ಪಂಪ್ ಕೆಲಸ ಮಾಡ್ತದಾ ಅಂತ ನೋಡಿದ್ದು."

"ಮಾಡ್ತದೆ. ಆರಿಸಿ."

ಆರಿಸಿದರು. ಪಕ್ಕದವರು ಹೇಳಿದ ಮೇಲೆ ಆರಿಸದೆ ಇರುವ ಅಭ್ಯಾಸ ಅವರಿಗಿರಲಿಲ್ಲ.

ಮುಂದಿನ ವಾರ ಒಂದು ಬೆಳಿಗ್ಗೆ ಆಲ್ದೂರಿನಿಂದ ಆಚೆಗೂ ಈಚೆಗೂ ತೋಟಗಳು ಅರಳಿ ನಿಂತವು. ರಸ್ತೆಯ ಆ ಬದಿಗೆ ರುದ್ರಪ್ಪನವರ ತೋಟ ಹಾಲು ಚೆಲ್ಲಿದಂತಿತ್ತು, ಗಾಳಿಯೆಲ್ಲ ಪರಿಮಳ. ಈ ಬದಿಗೆ ಪರಮೇಶ್ವರಪ್ಪನವರ ತೋಟ ಎಲೆ ಜೋತುಹಾಕಿಕೊಂಡು ಹಸಿರಾಗಿಯೇ ಇತ್ತು. ಹತ್ತು ಗಂಟೆಯೊಳಗೆ ಅರ್ಧ ಊರು ಬೇಲಿಯ ಬಳಿ ಸೇರಿತು. ಒಬ್ಬರು ದೃಷ್ಟಿ ಎಂದರು. ಇನ್ನೊಬ್ಬರು ಗೇಟನ್ನು ಈಶಾನ್ಯಕ್ಕೆ ತಿರುಗಿಸದೆ ಇದ್ದದ್ದೇ ತಪ್ಪು ಎಂದರು. ಫಸ್ಟ್ ಪ್ರೈಜಿನಿಂದ ಹೊಟ್ಟೆ ಉರಿದುಕೊಂಡವರು ತುಂಬ ಕನಿಕರ ತೋರಿಸಿದರು. ವಸಂತಮ್ಮ ನೆಂಟರ ಫೋನುಗಳನ್ನು ತೆಗೆಯುವುದನ್ನೇ ನಿಲ್ಲಿಸಿದರು.

ಚಿಕ್ಕಮಗಳೂರಿನಿಂದ ಪ್ರಸಾದ್ ಎಂಬ ತಜ್ಞರನ್ನು ಕರೆಸಲಾಯಿತು. ತೋಟಗಳಿಗೆ ಸಲಹೆ ಕೊಡುವುದು ಅವರ ಉದ್ಯೋಗ. ತಮ್ಮ ಹೆಸರಿನಲ್ಲಿ ಒಂದು ರೋಗ ಇರಬೇಕೆಂಬುದು ಅವರ ಬಹುದಿನದ ಬಯಕೆ. ಎಲೆಯನ್ನು ಬೆಳಕಿಗೆ ಹಿಡಿದರು, ಮೂಸಿದರು, ನೂರಾರು ಫೋಟೋ ತೆಗೆದರು. ಮಣ್ಣಿನ ಕಡೆ ಮಾತ್ರ ಬಗ್ಗಲಿಲ್ಲ, ಪ್ಯಾಂಟು ಇಸ್ತ್ರಿಯದು.

"ಬರಗಾಲದ ಲಕ್ಷಣ ಎಲ್ಲ ಇದೆ. ಆದ್ರೆ ಒಂದು ಮೂವತ್ತು ಬಿದ್ದಿದೆ! ಮಳೆ ಬಿದ್ದ ತೋಟ ಹೀಗೆ ಬಾಡಿದ್ರೆ ಅದು ರೋಗವೇ. ಹೊಸ ರೋಗ. ಅಕ್ಕಪಕ್ಕಕ್ಕೆ ಹರಡೋ ಚಾನ್ಸ್ ಇದೆ." ಬೇಲಿಯ ಬಳಿ ಇದ್ದ ಊರು ಒಟ್ಟಿಗೆ ಹಿಂದೆ ಸರಿಯಿತು. "ಈ ವರ್ಷ ಹೊಸದಾಗಿ ಏನಾದ್ರೂ ಹಾಕಿದ್ರಾ ತೋಟಕ್ಕೆ?"

ಎಲ್ಲರೂ ಪರಮೇಶ್ವರಪ್ಪನವರನ್ನೇ ನೋಡುತ್ತಿದ್ದರು. ಮಳೆಯ ವಿಷಯ ಬಿಟ್ಟು ಬೇರೆ ಯಾವ ಪ್ರಶ್ನೆ ಬಂದರೂ ಅವರಿಗೆ ಅದೇ ಪುಣ್ಯ.

"ಕುರಿಗೊಬ್ಬರ ಹಾಕಿದ್ದೆ. ಇದ್ರೀಸ್ ತಂದದ್ದು."

ಹೇಳಿದ್ದು ನಿಜವೇ. ಆ ತಿಂಗಳಿನಲ್ಲಿ ಅವರು ಆಡಿದ ಒಂದೇ ನಿಜ ಅದು. ಅದು ಒಬ್ಬನ ಬದುಕಿನ ಮೇಲೆ ಕಲ್ಲು ಹಾಕಿತು. ಇದ್ರೀಸ್ ಕಡೂರಿನ ಬಯಲುಸೀಮೆಯಿಂದ ಲಾರಿಯಲ್ಲಿ ಕುರಿಗೊಬ್ಬರ ತಂದು ತೋಟಗಳಿಗೆ ಕೊಡುವವನು. ಸಂಜೆಯೊಳಗೆ "ರೋಗದ ಗೊಬ್ಬರ" ಎಂದು ಗುಂಪಿನಲ್ಲಿ ಬಂತು. ಮೊದಲು ಒಬ್ಬರು ಲೋಡ್ ಬೇಡವೆಂದರು. ಒಬ್ಬರು ಬೇಡವೆಂದ ಮೇಲೆ ಇನ್ನೊಬ್ಬರು. ನಮ್ಮ ಕಡೆ ಪರಮೇಶ್ವರಪ್ಪನವರು ಒಬ್ಬರೇ ಇದ್ದಾರೆ ಎಂದು ನೀವು ತಿಳಿದಿದ್ದರೆ ಅದು ತಪ್ಪು.

ಮರುದಿನ ಇದ್ರೀಸೇ ಬಂದ. ಬೈಯಲು ಬಂದಿರಬೇಕು ಎಂದು ಪರಮೇಶ್ವರಪ್ಪನವರು ಒಳಗೆ ಹೋಗಿ ಶರ್ಟು ಹಾಕಿಕೊಂಡು ಬಂದರು. ಅವನು ಬುಟ್ಟಿ, ಸಲಿಕೆ ಹಿಡಿದ ಆಳುಗಳನ್ನು ಕರೆತಂದಿದ್ದ.

"ಯಜಮಾನ್ರೇ, ನನ್ನ ಗೊಬ್ಬರದಿಂದ ನಿಮಗೆ ತೊಂದ್ರೆ ಆಗಿದ್ರೆ ನನಗೆ ನಿದ್ದೆ ಬರೋದಿಲ್ಲ. ಬುಡದಿಂದ ಎಲ್ಲ ಕೆರೆದು ವಾಪಸ್ ತಗೊಂಡು ಹೋಗ್ತೀನಿ. ಒಂದು ಗಿಡಾನೂ ಬಿಡೋದಿಲ್ಲ."

ಬುಡ ಕೆರೆದರೆ ಒಣಮಣ್ಣು ಕಾಣುತ್ತದೆ! ಪರಮೇಶ್ವರಪ್ಪನವರು ಎರಡೂ ಕೈ ಚಾಚಿ ತೋಟಕ್ಕೆ ಅಡ್ಡ ನಿಂತರು. "ಬೇಡ, ಬೇಡ! ಒಂದು ಹಿಡಿ ಮುಟ್ಟಕೂಡದು! ಹೋಗಲಿ ಬಿಡು ಇದ್ರೀಸ್, ಆದದ್ದಾಯ್ತು. ನಾನು ಕ್ಷಮಿಸಿದ್ದೀನಿ."

ಕ್ಷಮಿಸಿದ್ದೀನಿ ಎಂಬ ಮಾತು ಬಾಯಿಂದ ಬಿದ್ದಮೇಲೆ ಅವರಿಗೇ ಮೈಯೆಲ್ಲ ಮುಳ್ಳೆದ್ದಿತು. ಇದ್ರೀಸನ ಕಣ್ಣಲ್ಲಿ ನೀರಿತ್ತು. ಬೇಲಿಯ ಬಳಿ ಇದ್ದ ರುದ್ರಪ್ಪನವರು, "ಎಂಥ ದೊಡ್ಡ ಮನಸ್ಸು!" ಎಂದು ಗುಂಪಿಗೆ ಬರೆದರು. ಮತ್ತೆ ಚಪ್ಪಾಳೆಗಳು ಸುರಿದವು. ಆ ರಾತ್ರಿ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಪರಮೇಶ್ವರಪ್ಪನವರು ಅನ್ನವನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಓದುವ ದಿನ ಬಂತು. ಹೂವಿಲ್ಲದಿದ್ದರೂ ಮಕ್ಕಳಿಗೆ ಮಾತು ಕೊಟ್ಟಾಗಿದೆ ಎಂದು ನಿಖಿತಾ ಹಟ ಹಿಡಿದಿದ್ದಳು. ರೋಗ ಹರಡದಿರಲೆಂದು ರುದ್ರಪ್ಪನವರು ಗೇಟಿನಲ್ಲಿ ಔಷಧಿ ನೀರಿನ ಟಬ್ ಇಡಿಸಿ, ಬಂದವರೆಲ್ಲ ಚಪ್ಪಲಿ ಅದ್ದಿಯೇ ಒಳಬರಬೇಕೆಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ಇದ್ರೀಸನನ್ನು ಟಬ್‌ನ ಆಚೆಗೇ ನಿಲ್ಲಿಸಿದರು. "ನೀನು ಎಷ್ಟು ಅದ್ದಿದ್ರೂ ಆಗೋದಿಲ್ಲ ಮಾರಾಯ, ಬೇಜಾರ್ ಮಾಡ್ಕೋಬೇಡ." ಅವನು ಬಂದದ್ದು ಮಗಳು ಶೈಮಾಳನ್ನು ಬಿಡಲು. ಅವಳು ನಿಖಿತಾಳ ತರಗತಿಯಲ್ಲೇ ಓದುತ್ತಿದ್ದಳು.

ಮಕ್ಕಳು ಚಾಪೆಯ ಮೇಲೆ ಒತ್ತೊತ್ತಾಗಿ ಕೂತರು. ಶೈಮಾ ಕೂತ ಕಡೆ ಮಾತ್ರ ಎರಡೂ ಬದಿಗೆ ಚಾಪೆ ಖಾಲಿ ಇತ್ತು. ಒಂದು ಹುಡುಗಿ ಹತ್ತಿರ ಸರಿಯಲು ನೋಡಿದಳು. ಪಕ್ಕದವಳು ಅವಳ ಲಂಗ ಹಿಡಿದು ಎಳೆದು, "ಅವರಪ್ಪನ ಗೊಬ್ಬರ," ಎಂದಳು. ಆ ಹುಡುಗಿ ವಾಪಸ್ ಸರಿದಳು. ಶೈಮಾ ತಲೆ ಬಗ್ಗಿಸಿ ತನ್ನ ಚಪ್ಪಲಿಯನ್ನು ಮೂಸಿ ನೋಡಿಕೊಂಡಳು. ಪರಮೇಶ್ವರಪ್ಪನವರು ಅದನ್ನು ನೋಡಿದರು, ನೋಡಬಾರದಿತ್ತು ಎನ್ನಿಸಿತು.

ಓದಲು ಶುರು ಮಾಡಿದರು. ಪುಟ್ಟ ಗಿಡ ಅರಳಲಿಲ್ಲ. ಉಳಿದ ಗಿಡಗಳು, "ಥೂ, ನೀನೊಬ್ಬಳೇ ಹಸಿರು!" ಎಂದು ನಕ್ಕವು. ಮುಂದಿನ ಪುಟದಲ್ಲಿ ಪುಟ್ಟ ಗಿಡ ಬೂರುಗದ ಮರದಿಂದ ಉದುರಿದ ಹತ್ತಿಯನ್ನು ಆಯ್ದು, ಹೂವಿನ ಹಾಗೆ ಕೊಂಬೆಗೆಲ್ಲ ಅಂಟಿಸಿಕೊಂಡಿತು. ಎಲ್ಲರೂ ಭೇಷ್ ಎಂದರು. ಆಮೇಲೆ ಒಂದು ಜೇನುಹುಳು ದೂರದಿಂದ ಹಾರಿ ಬಂದು, ಹತ್ತಿಯ ಮೇಲೆ ಕೂತು, ಹಸಿದುಕೊಂಡೇ ಹೋಯಿತು.

ಪರಮೇಶ್ವರಪ್ಪನವರ ಓದು ಅಲ್ಲಿಗೆ ನಿಂತಿತು. ಮತ್ತೆ "ಹಸಿದುಕೊಂಡೇ ಹೋಯಿತು" ಎಂದೇ ಓದಿದರು. ಮೂರನೆಯ ಸಲವೂ ಅದೇ ಸಾಲು ಬಂತು. ಪುಟ ತಿರುಗಲೇ ಇಲ್ಲ.

ಮಾವನಿಗೆ ಗಾಬರಿಯಾಗಿದೆ ಎಂದು ನಿಖಿತಾ ಕೈ ಹಿಡಿದು ದಡ ಸೇರಿಸಲು ಬಂದಳು. "ಮಕ್ಕಳೇ, ನೋಡಿ, ಮಾವನ ತೋಟಾನೂ ಪುಟ್ಟ ಗಿಡದ ಹಾಗೇ! ಊರೆಲ್ಲ ಅರಳಿದ್ರೂ ಇದು ತನ್ನ ಪಾಡಿಗೆ ತಾನಿದೆ. ಅದಕ್ಕೇನೂ ನಾಚಿಕೆ ಇಲ್ಲ. ಅಲ್ವಾ ಮಾವ?"

ಮಕ್ಕಳು ಚಪ್ಪಾಳೆ ತಟ್ಟಿದರು. ದೊಡ್ಡವರೂ ತಟ್ಟಿದರು. ಎಲೆಯ ಮಾದರಿ ಒಯ್ಯಲು ಮತ್ತೆ ಬಂದಿದ್ದ ಪ್ರಸಾದ್ ಫೋಟೋ ತೆಗೆದರು. ಬಚಾವಾಗಲು ಇಷ್ಟು ಅಗಲವಾದ ಬಾಗಿಲು ಮನುಷ್ಯನಿಗೆ ಜೀವಮಾನದಲ್ಲಿ ಒಮ್ಮೆ ತೆರೆಯುತ್ತದೆ. ತಲೆ ಆಡಿಸಿದ್ದರೆ ಸಾಕಿತ್ತು, ಅದು ಅವರಿಗೆ ಕರಗತವಾದ ವಿದ್ಯೆ. ಪರಮೇಶ್ವರಪ್ಪನವರು ಗೇಟಿನ ಆಚೆ ನಿಂತ ಇದ್ರೀಸನನ್ನು ನೋಡಿದರು. ಅವನೂ ಟಬ್‌ನ ಆಚೆಯಿಂದ ಚಪ್ಪಾಳೆ ತಟ್ಟುತ್ತಿದ್ದ.

"ಅಲ್ಲ," ಎಂದರು. "ತೋಟಕ್ಕೆ ನೀರಿಲ್ಲ. ಮಳೆ ಬಂದಿಲ್ಲ. ನಾನು ಸುಳ್ಳು ಹೇಳಿದ್ದು."

ರುದ್ರಪ್ಪನವರು ಕುರ್ಚಿಯಿಂದ ಎದ್ದು ನಿಂತು, ತುಂಬಿದ ದನಿಯಲ್ಲಿ ಹೇಳಿದರು: "ನೋಡಿ, ಇದ್ರೀಸನ್ನ ಉಳಿಸೋಕೆ ತಪ್ಪನ್ನ ತನ್ನ ಮೇಲೆ ಹಾಕಿಕೊಳ್ತಿದ್ದಾರೆ! ಇಂಥವರು ಈಗ ಎಲ್ಲಿದ್ದಾರೆ ಮಾರಾಯ್ರೇ?"

"ಸತ್ಯವಾಗಿ ಬಂದಿಲ್ಲ!"

"ಸಾಧ್ಯವೇ ಇಲ್ಲ," ಎಂದರು ಪ್ರಸಾದ್, ಕೈಗೆ ಬಂದ ರೋಗ ತಪ್ಪಿಹೋಗುವ ಕಳವಳದಲ್ಲಿ. "ಒಂದು ಮೂವತ್ತು ಅಂತ ನನ್ನ ರಿಪೋರ್ಟಲ್ಲಿ ಇದೆ."

"ಗುಂಪಲ್ಲೂ ಇದೆ," ಎಂದರು ರುದ್ರಪ್ಪನವರು. "ನಾನೇ ನೋಡಿದ್ದೀನಿ."

ಪರಮೇಶ್ವರಪ್ಪನವರು ಪುಸ್ತಕವನ್ನು ಕೆಳಗಿಟ್ಟು ಹತ್ತಿರದ ಗಿಡದ ಬುಡದಲ್ಲಿ ಮಂಡಿಯೂರಿದರು. ಒಣಗಿದ ಎಲೆಗಳನ್ನು ಸರಿಸಿ ಬರಿಗೈಯಲ್ಲಿ ಮಣ್ಣು ತೋಡತೊಡಗಿದರು. ಬಿಳಿ ಪಂಚೆಯ ಮೇಲೆಲ್ಲ ಧೂಳು ಹಾರಿತು. ಮುಂದಿನ ಸಾಲಿನ ಮಕ್ಕಳು ಸೀನಿದರು. ಮೊಣಕೈಯವರೆಗೆ ತೋಡಿದರೂ ಒದ್ದೆ ಸಿಗಲಿಲ್ಲ. ಎರಡು ಬೊಗಸೆ ಮಣ್ಣನ್ನು ಎತ್ತಿ ರುದ್ರಪ್ಪನವರ ಮುಂದೆ ಹಿಡಿದರು. ಅದು ಅರಿಶಿನ ಪುಡಿಯ ಹಾಗೆ ಬೆರಳ ಸಂದಿಯಿಂದ ಸುರಿದುಹೋಯಿತು.

ರುದ್ರಪ್ಪನವರು ಮಣ್ಣನ್ನು ನೋಡಿದರು, ಅವರ ಮುಖವನ್ನು ನೋಡಿದರು. "ಥೂ," ಎಂದರು. ಪ್ರಸಾದ್ ಎಲೆಯ ಪೊಟ್ಟಣಗಳನ್ನು ಒಂದೊಂದಾಗಿ ಬ್ಯಾಗಿನಿಂದ ತೆಗೆದು ನೆಲಕ್ಕೆ ಹಾಕಿದರು. ನಿಖಿತಾ ಪುಸ್ತಕ ಎತ್ತಿಕೊಂಡು ಧೂಳು ಒರೆಸಿದಳು, ಮಾವನ ಕಡೆ ತಿರುಗಲಿಲ್ಲ. ಉಳಿದ ಪುಟಗಳನ್ನು ಅವಳೇ ಓದಿದಳು, ಶೈಮಾಳ ಪಕ್ಕದ ಖಾಲಿ ಚಾಪೆಯ ಮೇಲೆ ಕೂತು. ವಸಂತಮ್ಮ ಎದ್ದು ಕೆರೆಯ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ಪಂಪಿನ ಸದ್ದು ಕೇಳಿತು. ಯಾರೂ ಆರಿಸಿ ಎನ್ನಲಿಲ್ಲ. ಮೊದಲ ಸ್ಪ್ರಿಂಕ್ಲರ್ ತಿರುಗಿದ್ದೇ ಗಂಡನ ತಲೆಯ ಮೇಲೆ. ಅದು ಕಾಕತಾಳೀಯವೆಂದು ನಾನು ಹೇಳಲಾರೆ.

ಒದ್ದೆಯಾಗಿ, ಕೆಸರಾಗಿ ಪರಮೇಶ್ವರಪ್ಪನವರು ಗೇಟಿಗೆ ಬಂದರು. ಟಬ್ ದಾಟಿ ಇದ್ರೀಸನ ಮುಂದೆ ನಿಂತು ಕೈ ಮುಗಿದರು. "ತಪ್ಪಾಯ್ತು ಇದ್ರೀಸ್."

"ಅಳು ಬರ್ತಿತ್ತು ನನಗೆ ಆವತ್ತು," ಎಂದ ಇದ್ರೀಸ್. "ನೀವು ಕ್ಷಮಿಸಿದ್ರಿ ಅಂತ ಮನೇಲಿ ಹೇಳಿಕೊಂಡು ಅತ್ತುಬಿಟ್ಟೆ. ಅದೊಂದು ಬೇಡವಾಗಿತ್ತು ಯಜಮಾನ್ರೇ." ಅವನ ದನಿ ಏರಲಿಲ್ಲ. ಲಾರಿಯ ಬಾಗಿಲು ತೆಗೆದ. "ಇಲ್ಲಿ ಹೇಳಿದ್ದು ಇಲ್ಲಿರೋರಿಗೆ ಆಯ್ತು. ಬೇಡ ಅಂದ ತೋಟದೋರು ಬೇರೆ ಇದ್ದಾರಲ್ಲ. ಲಾರಿ ಹತ್ತಿ."

"ಗುಂಪಲ್ಲಿ ಬರೆದ್ರೆ ಆಗೋದಿಲ್ವಾ?"

"ನೀವು ಗುಂಪಲ್ಲಿ ಬರೆಯೋದು ನೋಡಿದೀವಲ್ಲ."

ಹೀಗೆ ಪರಮೇಶ್ವರಪ್ಪನವರು ಕುರಿಗೊಬ್ಬರದ ಲಾರಿಯಲ್ಲಿ, ಪೇಟೆಯವರೆಲ್ಲ ನೋಡುತ್ತಿರುವಂತೆ, ಆಲ್ದೂರು ದಾಟಿ ಹೊರಟರು. ಮೊದಲ ಗೇಟು ಮರಿಯಮ್ಮನವರದು. ಸಣ್ಣ ತೋಟ, ಇದ್ರೀಸನ ಹಳೆಯ ಗಿರಾಕಿ. ಅಂಗಳದಲ್ಲಿ ಆಳುಗಳು ಮೆಣಸು ಒಣಹಾಕುತ್ತಿದ್ದರು. ಪರಮೇಶ್ವರಪ್ಪನವರು ಗೇಟಿನಲ್ಲಿ ನಿಂತು, ಗೊಬ್ಬರದ ತಪ್ಪಿಲ್ಲ, ಮಳೆಯೇ ಬಿದ್ದಿರಲಿಲ್ಲ ಎಂದು ಆದಷ್ಟು ಮೆಲ್ಲಗೆ ಹೇಳಿದರು.

ಮರಿಯಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. "ಪಾಪ, ಬಡವನ್ನ ಉಳಿಸೋಕೆ ಎಷ್ಟು ಕಷ್ಟಪಡ್ತಿದ್ದೀರಿ! ನಿಮ್ಮಂಥ ದೊಡ್ಡ ಮನಸ್ಸು ಯಾರಿಗಿರ್ತದೆ? ದೇವರು ಒಳ್ಳೇದು ಮಾಡ್ಲಿ."

ಇಲ್ಲಿ ತೋಡಿ ತೋರಿಸಲು ಒಣಮಣ್ಣಿರಲಿಲ್ಲ. ಮರಿಯಮ್ಮನವರ ತೋಟಕ್ಕೆ ಮಳೆ ಬಿದ್ದಿತ್ತು. ಹೊಗಳಿಕೆಗೆ ಪರಮೇಶ್ವರಪ್ಪನವರ ಕತ್ತು ಅಭ್ಯಾಸಬಲದಿಂದ ವಿನಯವಾಗಿ ಬಾಗತೊಡಗಿತು. ಅರ್ಧ ಬಾಗಿದಾಗ ಅವರಿಗೆ ತಮ್ಮ ಮೇಲೆಯೇ ಹೇಸಿಗೆ ಹುಟ್ಟಿತು.

"ದೊಡ್ಡ ಮನಸ್ಸಲ್ಲ ಮರಿಯಮ್ಮ! ನಾನು ಸುಳ್ಳುಗಾರ!" ಎಂದು ಕೂಗಿದರು. "ಎಲ್ಲರದೂ ಒಂದಿಂಚು ಅಂದಾಗ ನನ್ನದು ಸೊನ್ನೆ ಅನ್ನೋಕೆ ನಾಚಿಕೆ ಆಯ್ತು. ಆಮೇಲೆ ಇವನ ಮೇಲೆ ಬಂದಾಗ ಬಾಯಿ ಮುಚ್ಚಿಕೊಂಡೆ. ಬೇಕು ಅಂತ್ಲೇ ಮುಚ್ಚಿಕೊಂಡೆ!"

ಮೆಣಸು ಹರಡುತ್ತಿದ್ದ ಕೈಗಳು ನಿಂತವು. ಮರಿಯಮ್ಮ ಎದೆಯ ಮೇಲಿದ್ದ ಕೈಯನ್ನು ಕೆಳಗಿಳಿಸಿದರು. ಈ ಸಲ ನಂಬಿದರು. ನಂಬಿದ್ದು ಮುಖದಲ್ಲಿ ಕಂಡಾಗ, ನಂಬದೆ ಇದ್ದದ್ದೇ ವಾಸಿಯಿತ್ತು ಎಂದು ಪರಮೇಶ್ವರಪ್ಪನವರಿಗೆ ಅನ್ನಿಸಿತು.

"ಇದ್ರೀಸ್, ನಾಳೆ ಲೋಡ್ ತಗೊಂಡು ಬಾ. ಒಳಗೆ ಬಾ, ಕಾಫಿ ಕುಡ್ಕೊಂಡು ಹೋಗು," ಎಂದರು ಮರಿಯಮ್ಮ. ಪರಮೇಶ್ವರಪ್ಪನವರಿಗೆ ಏನೂ ಹೇಳಲಿಲ್ಲ. ಗೇಟಿಗೆ ಬಂದವರನ್ನು ಕಾಫಿಗೆ ಕರೆಯದೆ ಇರುವುದಕ್ಕಿಂತ ದೊಡ್ಡ ಶಿಕ್ಷೆ ನಮ್ಮ ಕಡೆ ಇನ್ನೂ ಬಂದಿಲ್ಲ.

ಇದ್ರೀಸ್ ಒಳಗೆ ಹೋಗಿ ನಿಧಾನವಾಗಿಯೇ ಕುಡಿದು ಬಂದ. ಅಷ್ಟು ಹೊತ್ತೂ ಪರಮೇಶ್ವರಪ್ಪನವರು ಲಾರಿಯ ಪಕ್ಕ ನಿಂತಿದ್ದರು. ಆಳುಗಳು ಪಿಸುಪಿಸು ಮಾತಾಡಿಕೊಳ್ಳುತ್ತಿದ್ದರು. ನಾಳೆ ಬೆಳಿಗ್ಗೆಯ ಹೊತ್ತಿಗೆ ಒಂದೇ ಒಂದು ಗೇಟಿಗೂ ಹೇಳುವುದು ಬಾಕಿ ಇರಲಿಕ್ಕಿಲ್ಲ, ಊರೇ ಹೇಳಿ ಮುಗಿಸುತ್ತದೆ ಎಂಬ ಆಸೆ ಅವರಲ್ಲಿ ಹುಟ್ಟಿತು.

"ಇನ್ನು ನಾನು ಬರಬೇಕಾ ಇದ್ರೀಸ್? ಸುದ್ದಿ ತಾನಾಗೇ ಹೋಗ್ತದೆ."

ಇದ್ರೀಸ್ ಸ್ಟೀರಿಂಗ್ ಹಿಂದೆ ಕೂತು ಇಂಜಿನ್ ಚಾಲೂ ಮಾಡಿದ. "ನನ್ನ ಸುದ್ದಿ ತಾನಾಗೇ ಹೋಗಿತ್ತು. ನಿಮ್ಮದನ್ನ ನೀವೇ ತಗೊಂಡು ಹೋಗಿ," ಎಂದು ಆ ಬದಿಯ ಬಾಗಿಲನ್ನು ಒಳಗಿನಿಂದ ತಳ್ಳಿ ತೆರೆದ.

ಪರಮೇಶ್ವರಪ್ಪನವರು ಹತ್ತಿ ಕೂತರು.